ಮೂವತ್ತು ಪದ್ಯಗಳ ಪಾಲುಯಂತ್ರ

"ಒಟ್ಟು ಮೂವತ್ತು! ಅದೊಂದಕ್ಕೆ ಗ್ಯಾರಂಟಿ. ಯಾರಿಗೆ ಎಷ್ಟು ಬರುತ್ತೋ, ಅದು ಶಿವನಿಗೂ ಗೊತ್ತಿಲ್ಲ!" ಎಂದು ನಮ್ಮಣ್ಣ ಷಡಕ್ಷರಿ ಯಂತ್ರದ ಮೇಲಿನ ಟವೆಲ್ಲನ್ನು ಎಳೆದ.

"ಮಠದೊಳಗೆ ನಿಂತ್ಕೊಂಡು ಶಿವನ ತಂಟೆಗೆ ಹೋಗಬೇಡಯ್ಯ" ಎಂದರು ನಂಜುಂಡಾರಾಧ್ಯರು.

ಯಂತ್ರಕ್ಕೆ ಇಡ್ಲಿ ಪಾತ್ರೆಯಂಥ ಹೊಟ್ಟೆ, ಮೂರು ಮೈಕು, ನೆತ್ತಿಯ ಮೇಲೆ ಹಿತ್ತಾಳೆಯ ಕಹಳೆ! ನನಗಂತೂ ಎದೆ ತುಂಬಿ ಬಂತು. ಇಂಥ ಯಂತ್ರ ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ನಮ್ಮ ಮಠದಲ್ಲಿ ಶ್ರಾವಣದ ಪ್ರತಿ ಮಧ್ಯಾಹ್ನ ಮೂವತ್ತು ಷಟ್ಪದಿಗಳ ಓದು. ಮೂವತ್ತು ಮುಗಿಯದೆ ಮಂಗಳವಿಲ್ಲ, ಮಂಗಳವಾಗದೆ ಪ್ರಸಾದವಿಲ್ಲ. ಓದುವವರು ಮೂವರು: ಕಂಚಿನ ಕಂಠದ ಆರಾಧ್ಯರು, ಗಿರಿಜಕ್ಕ, ನಿವೃತ್ತ ಬಸ್ ಕಂಡಕ್ಟರ್ ಮರುಳಪ್ಪ. ಬುದ್ಧಿ ಬಂದಾಗಿನಿಂದ ನಾನು ಕಂಬಕ್ಕೊರಗಿ ಕೇಳಿದವಳು. ಪದ್ಯಗಳೆಲ್ಲ ಬಾಯಿಗೆ ಬರುತ್ತವೆ, ಮಠದಲ್ಲಿ ಬಾಯಿ ಮಾತ್ರ ತೆರೆದಿಲ್ಲ. ಆದರೆ ಪಾಲಿನ ಜಗಳ ಈ ವರ್ಷ ಮಿತಿ ಮೀರಿತ್ತು. ಆರಾಧ್ಯರು ಒಬ್ಬರೇ ಇಪ್ಪತ್ತು ಪದ್ಯ ನುಂಗುತ್ತಾರೆಂದು ಗಿರಿಜಕ್ಕ, ಇನ್ನು ಹೆಂಗಸಿನ ಜೊತೆ ಕೂರುವುದಿಲ್ಲವೆಂದು ಆರಾಧ್ಯರು. ಓದು ನಿಂತೇಹೋದರೆ ನನ್ನ ಕಿವಿಗೆ ಏನು ಗತಿ? ನನ್ನ ಅಳು ನೋಡಲಾರದೆ ಅಣ್ಣ ಪಾಲು ಹಂಚುವ ಈ ಯಂತ್ರ ಕಟ್ಟಿದ್ದ.

ಗುಂಡಿ ಒತ್ತಿದ. ಗಿರಿಜಕ್ಕನಿಗೆ ಇಪ್ಪತ್ತೊಂಬತ್ತು, ಮರುಳಪ್ಪನಿಗೆ ಒಂದು, ಆರಾಧ್ಯರಿಗೆ ಸೊನ್ನೆ!

"ಸೊನ್ನೆ ಪದ್ಯ ಯಾವ ರಾಗದಲ್ಲಿ ಓದಲಯ್ಯ?" ಆರಾಧ್ಯರು ಗುಡುಗಿದರು.

ಅವತ್ತು ಅವರು ಹಾಡಲು ಬಾಯಿ ತೆರೆದಾಗಲೆಲ್ಲ ಕಹಳೆಯಿಂದ ಎದುರುಧ್ವನಿ ಹೊರಟು ಅವರ ಸ್ವರವನ್ನು ಅಳಿಸಿಹಾಕಿತು. ಪಾಲು ಮೀರಿ ಯಾರೂ ಹಾಡದಿರಲೆಂದು ಅಣ್ಣ ಮಾಡಿದ್ದ ಏರ್ಪಾಡು!

ಮರುದಿನ ಅಣ್ಣ ಹೆಮ್ಮೆಯಿಂದ ಸಾರಿದ: "ಸೊನ್ನೆ ಕಿತ್ತು ಹಾಕಿದೀನಿ ಸ್ವಾಮಿ. ಇನ್ನು ಜನ್ಮದಲ್ಲಿ ಬರಲ್ಲ!"

ಬರಲಿಲ್ಲ. ಗಿರಿಜಕ್ಕನಿಗೆ ಮೂವತ್ತಾರು, ಮರುಳಪ್ಪನಿಗೆ ಹನ್ನೆರಡು. ಆರಾಧ್ಯರಿಗೆ ಮೈನಸ್ ಹದಿನೆಂಟು!

"ಸೊನ್ನೆ ತೆಗೆದೆ, ಅದರ ಕೆಳಗಿನವನ್ನು ಮರೆತೆ" ಎಂದು ಅಣ್ಣ ತಲೆ ಕೆರೆದ. "ಆದರೆ ಕೂಡಿಸಿ ನೋಡಿ, ಮೂವತ್ತೇ!"

"ಹತ್ತದೇ ಇರೋ ಬಸ್ಸಿಂದ ಹದಿನೆಂಟು ಜನ ಇಳಿದಂಗಾತಲ್ಲೋ!" ಎಂದ ಮರುಳಪ್ಪ.

ಗಿರಿಜಕ್ಕ ಓದಿದಳು, ಮರುಳಪ್ಪ ಓದಿದ. ಯಂತ್ರದ ಮುಖದಲ್ಲಿ ನಲವತ್ತೆಂಟು ಹೊಳೆಯಿತು. ಮಂಗಳದ ಗಂಟೆಯನ್ನೂ ಅಣ್ಣ ಅದಕ್ಕೇ ಜೋಡಿಸಿದ್ದ. ಲೆಕ್ಕ ಮೂವತ್ತಕ್ಕೆ ಇಳಿಯದೆ ಅದು ಅಲುಗಾಡದು. ಇಳಿಯಬೇಕಾದರೆ ಆರಾಧ್ಯರು ಹದಿನೆಂಟು ಪದ್ಯ ಹಾಡಬೇಕು, ಕಹಳೆ ಹದಿನೆಂಟನ್ನೂ ನುಂಗಿ ಲೆಕ್ಕದಿಂದ ಕಳೆಯಬೇಕು.

"ಪ್ಲಗ್ ಕೀಳ್ರೀ!" ಎಂದಿತು ಪ್ರಸಾದದ ಸಾಲು.

"ಕಿತ್ರೆ ಮತ್ತೆ ಒಂದರಿಂದ ಎಣಿಸುತ್ತೆ!" ಎಂದ ಅಣ್ಣ.

ಆರಾಧ್ಯರು ಶಲ್ಯ ಕೊಡವಿ ಎದ್ದರು. "ಕೇಳಿಸದ ಪದ್ಯ ಯಾರಿಗಾಗಿ ಹೇಳಲಿ? ಮುಗೀತು ನಿಮ್ಮ ಓದು!"

ನನ್ನ ಜೀವ ಬಾಯಿಗೆ ಬಂತು. ಅದರ ಜೊತೆಗೇ ಮಾತೂ ಬಂತು, ಮೊದಲ ಸಲ! "ನನಗಾಗಿ ಹೇಳಿ ಸ್ವಾಮಿ. ನನಗೆ ತುಟಿ ಕಂಡರೆ ಸಾಕು."

ಗಿರಿಜಕ್ಕ ನನ್ನನ್ನು ನೋಡಿದಳು, ಆಮೇಲೆ ಅವರನ್ನು. ತನ್ನ ಮಣೆಯನ್ನೇ ಅವರತ್ತ ಸರಿಸಿದಳು. "ಕೂತ್ಕೊಳಿ. ನಾನು ತಾಳ ಹಾಕ್ತೀನಿ."

ಆರಾಧ್ಯರು ಕೂತರು. ತುಟಿ ಅಲುಗಿತು, ಸದ್ದಿಲ್ಲ. ಗಿರಿಜಕ್ಕನ ಬೆರಳು ತೊಡೆಯ ಮೇಲೆ ತಪ್ಪದೆ ಬೀಳುತ್ತಿತ್ತು. ನನಗೆ ಅಕ್ಷರಕ್ಷರವೂ ಕೇಳಿಸಿತು. ಹತ್ತನೆಯ ಪದ್ಯಕ್ಕೆ ಪ್ರಸಾದದ ಸಾಲೂ ಬಂದು ಕೂತು ತಾಳ ಹಿಡಿಯಿತು. ಹದಿನೆಂಟಕ್ಕೆ ಗಂಟೆ ಢಣ್ಣೆಂದಿತು! "ನಾಳೆ ತಲಾ ಹತ್ತು" ಎಂದು ಗಿರಿಜಕ್ಕ ಕೈಸನ್ನೆ ಮಾಡಿದಳು. ಆರಾಧ್ಯರು ತಲೆಯಾಡಿಸಿದರು.

ಸನ್ನೆಯೇ ಏಕೆಂದರೆ, ಗಂಟೆ ಬಾರಿಸಿದ ಮೇಲೆ ಯಾರು ಏನೆಂದರೂ ಲೆಕ್ಕ ಮೀರುವುದೆಂದು ಕಹಳೆ ಮಠದ ಮಾತನ್ನೆಲ್ಲ ನುಂಗತೊಡಗಿತ್ತು. ಮಗುವಿನ ಅಳು, ಸೌಟಿನ ಸದ್ದು, ಹೊರಗಿನ ಆಟೋ ಹಾರನ್, ಯಾವುದೂ ಇಲ್ಲ! ಆರಾಧ್ಯರು ಅಣ್ಣನೆದುರು ನಿಂತು ಅರ್ಧ ಗಂಟೆ ತುಟಿ ಅಲುಗಿಸಿದರು. ಅದೆಲ್ಲ ಹೊಗಳಿಕೆಯೆಂದು ತಿಳಿದ ಅಣ್ಣ ಕೈಮುಗಿದು, ಹೆಮ್ಮೆಯಿಂದ ಸ್ವೀಕರಿಸಿದ.

ತುಟಿ ಓದುವುದು ನನಗೆ ಆಗಲೇ ರೂಢಿಯಾಗಿತ್ತು. ಆರಾಧ್ಯರು ಅಂದದ್ದು ಷಟ್ಪದಿಯಾಗಿರಲಿಲ್ಲ.