ವಂದನಾರ್ಪಣೆಯಿಂದ ಶುರುವಾದ ಉಪನ್ಯಾಸ

ಅಂತರರಾಷ್ಟ್ರೀಯ ಸಾಹಿತ್ಯ ಉತ್ಸವದಲ್ಲಿ ಉಪನ್ಯಾಸ ಕೊಡಲು ಆಹ್ವಾನ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಯಾಕೆ ಬಂತು ಎಂಬುದಷ್ಟೇ ಆಶ್ಚರ್ಯ!

ಇಸವಿ ಯಾವುದೆಂದು ಕೇಳಬೇಡಿ. ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ ಎಂದು ನನ್ನ ನೆನಪು. ಅಲ್ಲ, ಅದು ನಿಂತ ಮೇಲೆ ಎಂದು ನನ್ನ ಹೆಂಡತಿ ವಿಮಲಾ. ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಮಲಾಳ ನೆನಪನ್ನು ನಂಬಲು ಭಯ, ಯಾಕೆಂದರೆ ಅದು ಯಾವಾಗಲೂ ಸರಿಯಾಗಿರುತ್ತದೆ.

ಆಗ ನನ್ನ 'ಕಿಟಕಿಗೆ ಬೆನ್ನು' ಕಾದಂಬರಿ ಬಂದು ಎರಡು ವರ್ಷವಾಗಿತ್ತು. ಅದು ಹದಿನೇಳನೆಯ ಅಧ್ಯಾಯದಿಂದ ಶುರುವಾಗಿ ಒಂದನೆಯ ಅಧ್ಯಾಯದಲ್ಲಿ ಮುಗಿಯುತ್ತದೆ. ಒಂದನೆಯ ಅಧ್ಯಾಯದವರೆಗೆ ತಲುಪಿದ ಓದುಗರು ಯಾರೂ ಇದುವರೆಗೆ ಪತ್ತೆಯಾಗಿಲ್ಲ. ಪ್ರತಿಗಳೆಲ್ಲ ವಿಮಾನಪುರದ ನಮ್ಮ ಬಾಡಿಗೆ ಮನೆಯ ಮಂಚದ ಕೆಳಗೆ ಒತ್ತೊತ್ತಾಗಿ ಕೂತಿದ್ದವು. ಮಂಚ ತೆಗೆದರೂ ಹಾಸಿಗೆ ಅಷ್ಟೇ ಎತ್ತರದಲ್ಲಿ ಇರುತ್ತಿತ್ತು!

ಆಹ್ವಾನದ ಹಿಂದೆಯೇ ಪ್ರೊಫೆಸರ್ ಹನುಮಂತೇಗೌಡರ ಫೋನ್ ಬಂತು. ಅವರು ವಿಶ್ವವಿದ್ಯಾಲಯದ ಪಠ್ಯ ಸಮಿತಿಯ ಅಧ್ಯಕ್ಷರು.

"ನೋಡಿ, ನಿಮ್ಮ ಪುಸ್ತಕ ನಮಗೆ ಯಾರಿಗೂ ಅರ್ಥ ಆಗಿಲ್ಲ. ಅಂದ್ರೆ ಒಳ್ಳೇದೇ ಇರ್ಬೇಕು. ಪದವಿ ತರಗತಿಗೆ ಇಡೋಣ ಅಂತಿದೀವಿ. ಆದ್ರೆ ಹುಡುಗ್ರು ತಡ್ಕೋತಾರಾ ಅಂತ ಸಮಿತಿಗೆ ಅನುಮಾನ. ಉತ್ಸವಕ್ಕೆ ಮೂರು ಕಾಲೇಜಿನ ಮಕ್ಕಳು ಬರ್ತಾರೆ. ಒಂದೇ ಒಂದು ಗಂಟೆ ಅವರನ್ನ ಕುರ್ಚಿ ಮೇಲೆ ಕೂರಿಸಿ. ಕೂತ್ರು ಅಂದ್ರೆ ಪುಸ್ತಕ ಪಠ್ಯ ಆಯ್ತು ಅಂತ್ಲೇ ತಿಳ್ಕೊಳಿ."

ಒಂದು ಗಂಟೆ! ಹದಿನೇಳು ಅಧ್ಯಾಯ ಬರೆದವನಿಗೆ ಒಂದು ಗಂಟೆ ಯಾವ ಲೆಕ್ಕ?

ಉತ್ಸವದ ದಿನ ಆಟೋದಲ್ಲಿ ಹೊರಟೆವು. ಇಸ್ತ್ರಿ ಜುಬ್ಬಾದ ಜೇಬಿನಲ್ಲಿ ನನ್ನ ಟಿಪ್ಪಣಿ ಇತ್ತು. ದೊಮ್ಮಲೂರು ಸಿಗ್ನಲ್‌ನಲ್ಲಿ ವಿಮಲಾ ಕೇಳಿದಳು.

"ಹೇಗೆ ಶುರು ಮಾಡ್ತೀರಿ?"

"ಕೊನೆಯಿಂದ."

"ಅಂದ್ರೆ?"

"ಮೊದಲು ವಂದನಾರ್ಪಣೆ. ಆಮೇಲೆ ಉಪಸಂಹಾರ. ಆಮೇಲೆ ವಿಷಯ. ಕಟ್ಟಕಡೆಗೆ ಸ್ವಾಗತ. ನನ್ನ ಕಾದಂಬರಿಯ ತಂತ್ರವನ್ನೇ ವೇದಿಕೆಗೆ ತರ್ತೀನಿ. ಕ್ರಮ ಅನ್ನೋದು ಒಂದು ಭ್ರಮೆ ಅಂತ ಹುಡುಗರಿಗೆ ಮೈಗೆ ತಾಗ್ಬೇಕು."

ಅವಳು ನನ್ನ ಜುಬ್ಬಾದ ಸುಕ್ಕು ಸರಿಮಾಡಿದಳು.

"ರೀ, ನಮ್ಮ ಜನ ವಂದನಾರ್ಪಣೆ ಕೇಳಿದ್ರೆ ಚಪ್ಪಲಿ ಹುಡುಕ್ತಾರೆ."

"ಅದೇ ಬೇಕು. ಆಘಾತ!"

"ಯಾರಿಗೆ?" ಎಂದಳು.

ಹಲಸೂರಿನ ಒಂದು ಕಾಲೇಜು ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಯೂರೋಪಿನಿಂದ ಬಂದ ಕವಯಿತ್ರಿಯೊಬ್ಬರು ಕಿವಿಗೆ ತಾಗುವಂತೆ ಮಲ್ಲಿಗೆ ಮುಡಿದು ಕೂತಿದ್ದರು. ಅವರ ಪಕ್ಕದಲ್ಲಿ ಹನುಮಂತೇಗೌಡರು, ಹಿಂದೆ ವಿದ್ಯಾರ್ಥಿಗಳ ಸಮುದ್ರ. ಬಾಗಿಲಲ್ಲಿ ಮೂರು ಕಾಲೇಜಿನ ಮೇಷ್ಟರು ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಕಾರ್ಯಕ್ರಮ ಪೂರ್ತಿ ಮುಗಿದ ಮೇಲೆಯೇ ಹಾಜರಿ ಎಂಬುದು ಅವರ ಕಟ್ಟುನಿಟ್ಟು. ನನ್ನ ಸಮಯ ಹನ್ನೆರಡರಿಂದ ಒಂದು. ಒಂದಕ್ಕೆ ಊಟ. ಶಾಮಿಯಾನದ ಹಿಂದೆ ಶಿವಾಜಿನಗರದ ಖಾದರ್ ಭಾಯ್ ಬಿರಿಯಾನಿ ಹಂಡೆಗಳ ಬಾಯಿಗೆ ಹಿಟ್ಟು ಮೆತ್ತಿ ದಮ್ ಕಟ್ಟಿದ್ದರು. ಬಿರಿಯಾನಿ ಅಲ್ಲ, ಪಲಾವ್ ಎಂದು ವಿಮಲಾ ಈಗಲೂ ಹೇಳುತ್ತಾಳೆ. ಇರಲಿ, ಘಮ ಮಾತ್ರ ಸುಳ್ಳಲ್ಲ.

ಹನ್ನೆರಡಕ್ಕೆ ಸರಿಯಾಗಿ ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತೆ. ಒಂದು ಗಂಟೆ ಕೂರಿಸಬೇಕು, ಒಂದೇ ಗಂಟೆ!

"ಎಲ್ಲರಿಗೂ ನಮಸ್ಕಾರ. ಈಗ ವಂದನಾರ್ಪಣೆ" ಎಂದೆ.

ಸಭೆ ತಟ್ಟನೆ ಸ್ತಬ್ಧವಾಯಿತು. ಬೆಳಗ್ಗೆಯಿಂದ ಗುಜುಗುಡುತ್ತಿದ್ದ ಹುಡುಗರು ಎಚ್ಚೆತ್ತು ನೆಟ್ಟಗೆ ಕೂತರು. ನೋಡು ವಿಮಲಾ, ಆಘಾತ! ನನಗೆ ಉಮೇದು ಏರಿತು. ದೂರದೇಶದಿಂದ ಬಂದ ಅತಿಥಿಗಳಿಗೆ ವಂದಿಸಿದೆ. ಹನುಮಂತೇಗೌಡರಿಗೆ ವಂದಿಸಿದೆ. ಶಾಮಿಯಾನದವರಿಗೆ, ಧ್ವನಿವರ್ಧಕದ ಮುನಿರಾಜು ಅವರಿಗೆ, ಹೂವಿನ ಹಾರ ಒದಗಿಸಿದ ರಸೆಲ್ ಮಾರುಕಟ್ಟೆಯ ಅಂಗಡಿಗೆ ವಂದಿಸಿದೆ. ಅಣಕ ಮಾಡಲು ಹೋದವನು ಯಾವ ಘಳಿಗೆಯಲ್ಲೋ ನಿಜಕ್ಕೂ ಭಾವುಕನಾಗಿಬಿಟ್ಟೆ.

"ಕೊನೆಯದಾಗಿ, ರುಚಿಯಾದ ಭೋಜನ ಸಿದ್ಧಪಡಿಸಿರುವ ಖಾದರ್ ಭಾಯ್ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು!"

ಚಪ್ಪಾಳೆ ಸಿಡಿಯಿತು. ಬರೆದುಕೊಂಡಂತೆ ಇಲ್ಲಿ ಒಂದು ಅರ್ಥಗರ್ಭಿತ ಮೌನ. ಮೂರು ಸೆಕೆಂಡು. ಆಮೇಲೆ ಉಪಸಂಹಾರ.

ಆ ಮೂರು ಸೆಕೆಂಡಿನಲ್ಲಿ ಧ್ವನಿವರ್ಧಕದ ಮುನಿರಾಜು ಕ್ಯಾಸೆಟ್ ಒತ್ತಿದ. ರಾಷ್ಟ್ರಗೀತೆ!

ಇಡೀ ಶಾಮಿಯಾನ ಎದ್ದು ನಿಂತಿತು. ನಾನೂ ನಿಂತೆ. ನಿಲ್ಲದೆ ಏನು ಮಾಡಲಿ? ಕೈ ಎರಡೂ ತೊಡೆಗೆ ಅಂಟಿಸಿ, ಬಾಯಿ ಮುಚ್ಚಿ, ನೆಟ್ಟಗೆ. ಐವತ್ತೆರಡು ಸೆಕೆಂಡು ನನ್ನ ಭವಿಷ್ಯ ಕಣ್ಣೆದುರೇ ಜಾರಿ ಹೋಗುವುದನ್ನು ನೋಡುತ್ತಾ ನಿಂತೆ. ಅಲುಗಾಡುವಂತಿಲ್ಲ, ಕೂಗುವಂತಿಲ್ಲ, ಮುನಿರಾಜುವಿನ ಕಡೆ ಕಣ್ಣು ಕೆಕ್ಕರಿಸುವುದೂ ಅಗೌರವವೇನೋ ಎಂಬ ಅಂಜಿಕೆ. ಬಾಗಿಲ ಮೇಷ್ಟರು ನೆಟ್ಟಗೆ ನಿಂತೇ ಹೆಬ್ಬೆರಳಿನಿಂದ ಹಾಜರಿ ಪುಸ್ತಕದ ಪುಟ ಸರಿಸುತ್ತಿದ್ದರು. ಗಾಳಿ ತಿರುಗಿ ದಮ್ ಬಿಚ್ಚಿದ ಘಮ ಒಳಕ್ಕೆ ನುಗ್ಗಿತು. ಮೊದಲ ಸಾಲಿನಲ್ಲಿ ವಿಮಲಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಮರುಕದಿಂದ ಅವಳು ನನ್ನನ್ನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಗೀತೆ ಮುಗಿಯಿತು. ನಾನು ಮೈಕಿಗೆ ಹಾರಿದೆ.

"ಸ್ನೇಹಿತರೇ, ಕೂತ್ಕೊಳಿ! ಈಗ ಉಪಸಂಹಾರ!"

ಮೈಕು ಸತ್ತಿತ್ತು. ಮುನಿರಾಜು ಮೊಣಕೈಗೆ ವೈರು ಸುತ್ತುತ್ತಿದ್ದ.

"ಏನ್ರೀ ಇದು! ನಾನಿನ್ನೂ ಶುರುವೇ ಮಾಡಿಲ್ಲ!"

"ಮುಗೀತಲ್ಲ ಸಾರ್?"

"ಮುಗಿದಿಲ್ಲ! ಅದು ತಂತ್ರ! ಮೈಕ್ ಹಾಕ್ರೀ!"

"ರಾಷ್ಟ್ರಗೀತೆ ಆದ್ಮೇಲೆ ಮಾತಾಡಂಗಿಲ್ಲ ಸಾರ್. ಮಿನಿಸ್ಟ್ರುಗಳ ಪ್ರೋಗ್ರಾಮ್ ಎಲ್ಲ ಮಾಡಿದೀನಿ. ಅವ್ರೇ ಮಾತಾಡಿಲ್ಲ" ಎಂದು ನನ್ನ ಕೈಯಿಂದ ಮೈಕು ಬಿಡಿಸಿಕೊಂಡು ಪೆಟ್ಟಿಗೆಗೆ ಹಾಕಿದ.

ವೇದಿಕೆಯಿಂದ ಧುಮುಕಿ, ಊಟದ ಕಡೆ ನುಗ್ಗುತ್ತಿದ್ದ ಹುಡುಗರ ನಡುವೆ ಹಿಂಬದಿಗೆ ಓಡಿದೆ. ಊಟ ತಡೆದರೆ ಜನ ವಾಪಸ್ ಬರಬಹುದು!

"ಖಾದರ್ ಭಾಯ್, ಮುಚ್ಚಿ! ಹಂಡೆ ಮುಚ್ಚಿ!"

"ಕ್ಯಾ ಸಾಬ್, ಮೈಕಲ್ಲಿ ನೀವೇ ನಮ್ ಹೆಸ್ರು ಹೇಳಿದ್ರಿ. ಕೇಟರಿಂಗ್ ಹೆಸ್ರು ಬಂತು ಅಂದ್ರೆ ಪ್ಲೇಟ್ ಇಡ್ಬೇಕು, ಅದೇ ಸಿಗ್ನಲ್ಲು. ಈಗ ಮುಚ್ಚಿದ್ರೆ ಅನ್ನ ಮುದ್ದೆ ಆಗೋಗತ್ತೆ!"

ಉಳಿದದ್ದು ಒಂದೇ ದಾರಿ. ಊಟದ ಸಾಲಿನ ಪಕ್ಕದಲ್ಲೇ ನಡೆಯುತ್ತಾ ಉಪನ್ಯಾಸ ಕೊಡುವುದು! ಜೇಬಿನ ಟಿಪ್ಪಣಿ ತೆಗೆದು ಎತ್ತರದ ದನಿಯಲ್ಲಿ, "ಕ್ರಮ ಎಂಬುದು ಮನುಷ್ಯನ ಅತಿ ದೊಡ್ಡ ಭ್ರಮೆ. ಮೊದಲು, ನಂತರ ಎಂಬುದೇ ಇಲ್ಲ" ಎನ್ನುತ್ತಾ ಸಾಲಿನ ಮುಂಭಾಗ ತಲುಪಿದೆ.

"ಹಲೋ ಅಂಕಲ್, ಲೈನಲ್ಲಿ ಬನ್ನಿ!" ಎಂದ ಒಬ್ಬ.

"ನಾನು ಊಟಕ್ಕಲ್ಲಪ್ಪಾ, ನಾನು ಲೇಖಕ!"

"ಎಲ್ರೂ ಏನೋ ಒಂದು ಹೇಳೇ ನುಗ್ಗೋದು ಮಗಾ" ಎಂದ ಅವನ ಹಿಂದಿನವನು. ನಾಲ್ಕು ಕೈಗಳು ನನ್ನನ್ನು ಅತ್ಯಂತ ಗೌರವದಿಂದ ಹಿಡಿದು ಸಾಲಿನ ತುದಿಗೆ ಸಾಗಿಸಿದವು. ತುದಿಯಲ್ಲಿ ಆ ಯೂರೋಪಿನ ಕವಯಿತ್ರಿ ನಿಂತಿದ್ದರು. "ಭಾರತದ ಉಪನ್ಯಾಸಗಳು ಬಹಳ ದೀರ್ಘ ಎಂದು ಕೇಳಿದ್ದೆ, ಸುಳ್ಳು" ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಕುಲುಕಿದರು.

ಹನುಮಂತೇಗೌಡರು ತಟ್ಟೆ ಹಿಡಿದು ಬಂದಾಗ ಹನ್ನೆರಡೂ ಕಾಲು.

"ಒಂದು ಗಂಟೆ ಅಂದಿದ್ದೆ. ಐದು ನಿಮಿಷಕ್ಕೇ ಎಬ್ಬಿಸಿಬಿಟ್ರಲ್ರೀ."

"ಸಾರ್, ಅದು ಪ್ರಯೋಗ..."

"ಇರ್ಲಿ ಇರ್ಲಿ. ಆದ್ರೆ ಒಂದು ಮಾತು. ಆ ಐದು ನಿಮಿಷ ಒಬ್ಬನೂ ಮಿಸುಕಾಡ್ಲಿಲ್ಲ. ಥ್ಯಾಂಕ್ಸ್ ಹೇಳೋದು ನಿಮಗೆ ಎಷ್ಟು ಚೆನ್ನಾಗಿ ಬರುತ್ತೆ ರೀ! ನಿಮ್ಮ ಶಕ್ತಿ ಇರೋದೇ ಅಲ್ಲಿ. ಪುಸ್ತಕ ಸಮಿತಿ ಮುಂದೆ ಇಡ್ತೀನಿ, ನೋಡೋಣ."

ಆ 'ನೋಡೋಣ'ದ ಮೇಲೆ ಎರಡು ತಿಂಗಳು ಬದುಕಿದೆ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಗೇಟಿಗೆ ಓಡುತ್ತಿದ್ದೆ. ಕೊನೆಗೂ ವಿಶ್ವವಿದ್ಯಾಲಯದ ಲಕೋಟೆ ಬಂತು. ಒಡೆದು ಓದಿದೆ. 'ಕಿಟಕಿಗೆ ಬೆನ್ನು' ಪದವಿ ತರಗತಿಗೆ ಪಠ್ಯವಾಗಿ ಆಯ್ಕೆಯಾಗಿದೆ!

"ವಿಮಲಾ! ಗೆದ್ದೆ! ನಾನು ಪಠ್ಯ ಆದೆ ಕಣೇ!"

"ಪೂರ್ತಿ ಓದಿ" ಎಂದಳು ಅಡುಗೆಮನೆಯಿಂದ.

ಪೂರ್ತಿ ಓದಿದೆ. ಯಾವ ಕ್ರಮದಲ್ಲಿ ಬೇಕಾದರೂ ಓದಬಹುದೆಂಬ ಲೇಖಕರ ಆಶಯವನ್ನು ಗೌರವಿಸಿ, ಸದರಿ ಕೃತಿಯಿಂದ ಒಂದು ಪುಟವನ್ನು ಮಾತ್ರ ಗದ್ಯಭಾಗವಾಗಿ ಆರಿಸಲಾಗಿದೆ. ಪುಟದ ಹೆಸರು 'ಕೃತಜ್ಞತೆ'.

ನನ್ನ ಪುಸ್ತಕದಲ್ಲಿ ಕೃತಜ್ಞತೆಯ ಪುಟವೇ? ಅಂಥ ಸವಕಲು ಸಂಪ್ರದಾಯವನ್ನು ನಾನು ಬರೆಯುವುದುಂಟೇ? ಮಂಚದ ಕೆಳಗೆ ತೂರಿ ಒಂದು ಪ್ರತಿ ಎಳೆದು ನೋಡಿದೆ. ಇತ್ತು! ಗುರುಗಳಿಗೆ, ಅಚ್ಚಿನ ಮೊಳೆ ಜೋಡಿಸಿದವರಿಗೆ, ಮನೆಯವರಿಗೆ. ಸರಳ ವಾಕ್ಯಗಳು. ಮೊದಲಿನಿಂದ ಕೊನೆಗೆ, ನೇರ ಕ್ರಮದಲ್ಲಿ. ಓದುತ್ತಾ ನನಗೇ ಕಣ್ಣು ಒದ್ದೆಯಾಯಿತು. ಇಷ್ಟು ಚೆನ್ನಾಗಿ ಯಾವಾಗ ಬರೆದೆ?

"ಅದು ನಾನ್ ಬರ್ದಿದ್ದು ರೀ" ಎಂದಳು ವಿಮಲಾ, ಸೆರಗಿಗೆ ಕೈ ಒರೆಸುತ್ತಾ. "ಒಂದು ಪುಟ ಖಾಲಿ ಉಳೀತು ಅಂತ ಪ್ರೆಸ್‌ನೋರು ಫೋನ್ ಮಾಡಿದ್ರು. ನಿಮ್ಮನ್ನ ಕೇಳಿದ್ರೆ ಶೂನ್ಯವೇ ಸತ್ಯ ಅಂತ ಏನೋ ಅಂದು ಮಗ್ಗುಲಾದ್ರಿ. ನಾನೇ ಶಿವಾಜಿನಗರದ ಪ್ರೆಸ್‌ಗೆ ಹೋಗಿ, ಅಲ್ಲೇ ಸ್ಟೂಲ್ ಮೇಲೆ ಕೂತು ಬರ್ದುಕೊಟ್ಟೆ. ಹತ್ತು ನಿಮಿಷ ಆಯ್ತೇನೋ."

ಮರುವರ್ಷ, ಸಂಜೆಯೆಲ್ಲ ವಿಮಲಾಳೊಡನೆ ಹರಟುವ ಎದುರುಮನೆಯ ಹುಡುಗಿ ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಳು. 'ಕೃತಜ್ಞತೆ' ಪಾಠದಲ್ಲಿ ವ್ಯಕ್ತವಾಗುವ ಲೇಖಕರ ವಿನಯವನ್ನು ಸೋದಾಹರಣವಾಗಿ ವಿವರಿಸಿರಿ. ಐದು ಅಂಕ.

"ಬಾಮ್ಮ, ಕೂತ್ಕೋ. ಲೇಖಕರೇ ಎದುರಿಗಿದ್ದಾರೆ!" ಎಂದೆ, ಎದೆಯುಬ್ಬಿಸಿ.

ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು.

"ಆಂಟಿ ಇಲ್ವಾ ಅಂಕಲ್?"