ಗಾಳಿಯ ಅಲೆಯೂ ಶಾರದಕ್ಕನ ಹಪ್ಪಳವೂ

ಗೊತ್ತಿಲ್ಲದ್ದನ್ನು ಪಾಠ ಮಾಡುವುದರಲ್ಲಿ ಅಂಥ ಅಪಾಯವೇನೂ ಇಲ್ಲ. ಎಷ್ಟೋ ವರ್ಷ ಅದನ್ನೇ ಮಾಡಿ ನಾನು ಸುಖವಾಗಿ ನಿವೃತ್ತನಾದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಅಪಾಯವಿರುವುದು ನಿನ್ನೆಯಷ್ಟೇ ಗೊತ್ತಾದ ವಿಷಯದಲ್ಲಿ. ಹೊಸ ವಾಚು ಕಟ್ಟಿಕೊಂಡವನು ಯಾರೂ ಕೇಳದಿದ್ದರೂ ಗಂಟೆ ಎಷ್ಟೆಂದು ಹೇಳುತ್ತಾ ತಿರುಗುತ್ತಾನಲ್ಲ, ಹಾಗೆ ಹೊಸ ಜ್ಞಾನವೂ ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಪುಂಜಾಲಕಟ್ಟೆಯ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಷ್ಟ್ರು. ಮಾಷ್ಟ್ರು ಎಂದರೂ ತಾತ್ಕಾಲಿಕ. ಆ ಮಾರ್ಚಿನಲ್ಲಿ ಖಾಯಂ ಆಗಬೇಕಿತ್ತು. ಮೂಡಬಿದ್ರೆಯಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆ. ಅವಳ ತಂದೆ ಕಾಫಿ ಕೊಟ್ಟು, ಚಕ್ಕುಲಿ ಕೊಟ್ಟು, ಕೊನೆಗೆ "ಖಾಯಂ ಆಗಲಿ, ಮತ್ತೆ ಮಾತಾಡುವ" ಎಂದಿದ್ದರು. ಆದ್ದರಿಂದ ಮಾರ್ಚಿನವರೆಗೆ ಬಾಲ ಮುದುರಿಕೊಂಡಿರುವುದು ನನ್ನ ಏಕೈಕ ಕರ್ತವ್ಯವಾಗಿತ್ತು. ಅಷ್ಟರಲ್ಲಿ ಜನವರಿಯಲ್ಲಿ, ಅದೇ ಮೂಡಬಿದ್ರೆಯಲ್ಲಿ, ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ತರಬೇತಿ ನಡೆಯಿತು. ಊಟ ಚೆನ್ನಾಗಿತ್ತು. ಊಟದ ನಂತರ ಎಲ್ಲರೂ ತೂಕಡಿಸುತ್ತಿದ್ದಾಗ ಒಬ್ಬ ಉಪನ್ಯಾಸಕರು ಗಾಳಿಯ ಅಲೆಗಳ ಬಗ್ಗೆ ಮಾತಾಡಿದರು. ದುರದೃಷ್ಟಕ್ಕೆ ನಾನು ಎಚ್ಚರವಾಗಿದ್ದೆ.

ಅವರು ಹೇಳಿದ್ದು ಇಷ್ಟು. ಚಳಿಗಾಲದಲ್ಲಿ ಮೂಡಣ ಗಾಳಿ ಘಟ್ಟ ಹತ್ತಿ ಚಾರ್ಮಾಡಿಯ ಕಡೆ ಇಳಿಯುವಾಗ ತಟ್ಟನೆ ಕೆಳಗೆ ಬೀಳುತ್ತದೆ, ಬಿದ್ದದ್ದು ಮತ್ತೆ ಏಳುತ್ತದೆ, ಎದ್ದದ್ದು ಮತ್ತೆ ಬೀಳುತ್ತದೆ. ಹೀಗೆ ಹುಟ್ಟಿದ ಅಲೆ ಮೇಲಕ್ಕೂ ಹೋಗುತ್ತದೆ. ಒಂದೆರಡು ಮೈಲಿಯಲ್ಲ, ವಿಮಾನಗಳನ್ನೆಲ್ಲ ದಾಟಿ, ಎಂಬತ್ತು ತೊಂಬತ್ತು ಕಿಲೋಮೀಟರಿನವರೆಗೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಅಲೆಯ ಶಕ್ತಿ ಮಾತ್ರ ಅಷ್ಟೇ ಇರುತ್ತದೆ. ಹೊರುವವರು ಕಡಿಮೆಯಾದಾಗ ಒಬ್ಬೊಬ್ಬರ ಪಾಲಿಗೆ ಹೆಚ್ಚು ಬರುತ್ತದಲ್ಲ, ಹಾಗೆ ಕೆಳಗೆ ಸಣ್ಣದಾಗಿದ್ದ ಅಲುಗಾಟ ಮೇಲೆ ದೊಡ್ಡ ಓಲಾಟವಾಗುತ್ತದೆ. ಕೊನೆಗೆ ತಡೆಯಲಾರದೆ ಕಡಲ ತೆರೆಯಂತೆ ಒಡೆದು, ಅಲ್ಲಿ ತನ್ನ ಪಾಡಿಗೆ ಬೀಸುತ್ತಿದ್ದ ಗಾಳಿಯ ದಿಕ್ಕನ್ನೇ ಕೆಡಿಸುತ್ತದೆ. ಎಲ್ಲ ಅಲೆಗಳೂ ಅಷ್ಟು ದೂರ ಹೋಗುವುದಿಲ್ಲ. ನಡುವೆ ಎಲ್ಲಾದರೂ ತನ್ನದೇ ವೇಗದ ಗಾಳಿ ಎದುರಾದರೆ ಅಲೆ ಅಲ್ಲಿಯೇ ಕರಗಿಹೋಗುತ್ತದೆ.

ಮರುದಿನ ಶಾಲೆಯಿಂದ ಮೂಡಕ್ಕೆ ನೋಡಿದರೆ ಘಟ್ಟದ ಮೇಲೆ ಮೋಡಗಳು ಹಂಚು ಜೋಡಿಸಿದಂತೆ ಸಾಲು ಸಾಲಾಗಿ ನಿಂತಿದ್ದವು. ನನಗೆ ತಡೆಯಲಾಗಲಿಲ್ಲ. ಒಂಬತ್ತನೆಯ ತರಗತಿಯನ್ನು ಎಬ್ಬಿಸಿಕೊಂಡು ಹೊಸ ಕಟ್ಟಡದ ತಾರಸಿಗೆ ಹೊರಟೆ. ಆ ಕಟ್ಟಡ ದುಬೈಯಲ್ಲಿ ಹೋಟೆಲು ನಡೆಸುವ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿಕೊಟ್ಟದ್ದು. ತಾರಸಿಗೆ ಯಾರೂ ಹತ್ತಬಾರದೆಂದು ಹೆಡ್‌ಮಾಷ್ಟ್ರು ಬೀಗ ಹಾಕಿಸಿದ್ದರು. ಆ ದಿನ ಬೀಗ ಯಾಕೆ ತೆಗೆದಿತ್ತೆಂದು ವಿಜ್ಞಾನಿಯಾದ ನನಗೆ ಹೊಳೆಯಲಿಲ್ಲ. ಮಕ್ಕಳು ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು ಹತ್ತಿದರು.

ಮೋಡ ತೋರಿಸಿಯಾಯಿತು. ಅಷ್ಟಕ್ಕೆ ಇಳಿದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಗಾಳಿ ತೆಳುವಾಗುವುದನ್ನೂ ತೋರಿಸೋಣವೆಂದು, ತಾರಸಿಯ ನಡುವೆ ಮಕ್ಕಳನ್ನು ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದೆ. ಈ ತುದಿಯಲ್ಲಿ ದಪ್ಪದವರು, ಆ ತುದಿಗೆ ಹೋದಂತೆ ಸಪೂರದವರು, ಕಟ್ಟಕಡೆಗೆ ಝೀನತ್ ಎಂಬ ಕಡ್ಡಿಯಂಥ ಹುಡುಗಿ. "ಮೆಲ್ಲ ಒಮ್ಮೆ ಓಲಿ" ಎಂದೆ. ದಪ್ಪದವರು ಒಂದು ಅಂಗುಲ ಓಲಿದರು. ಪ್ರಯೋಗ ನೂರಕ್ಕೆ ನೂರು ಯಶಸ್ವಿಯಾಯಿತು. ಝೀನತ್ ಹಾರಿ ಹೋಗಿ ನೀರಿನ ಟ್ಯಾಂಕಿಯ ಆಚೆ ಕುಳಿತಳು, ಒಂದು ಚಾಪೆಯ ಮೇಲೆ. ಹುಡುಗಿಗೆ ಏನೂ ಆಗಲಿಲ್ಲ. ನಾನು ಓಡಿಹೋಗಿ ಅವಳನ್ನು ಎತ್ತಿದಾಗಲೇ ಕಂಡದ್ದು, ಚಾಪೆಯ ತುಂಬ ಆಗಷ್ಟೇ ಹಚ್ಚಿದ ಅಕ್ಕಿ ಹಪ್ಪಳ.

ಶಾಲೆಯ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಹೆಡ್‌ಮಾಷ್ಟ್ರ ಹೆಂಡತಿ ಶಾರದಕ್ಕನ ಹಪ್ಪಳ ಅದು. ಹೆಡ್‌ಮಾಷ್ಟ್ರಿಗೆ ಸಿಟ್ಟು ನೆತ್ತಿಗೇರಿತು, ಆದರೆ ದೂರು ಕೊಡುವುದು ಹೇಗೆ? ಅಧ್ಯಕ್ಷರ ತಾಯಿಯ ಹೆಸರಿನ ತಾರಸಿಯಲ್ಲಿ ಹಪ್ಪಳ ಒಣಗಿಸಿದ್ದೆವು ಎಂದು ಬರೆಯಲಾಗುತ್ತದೆಯೇ? ಹಪ್ಪಳ ಬಿಟ್ಟು ಉಳಿದದ್ದನ್ನು ಹೇಳಿದರು. ಸಾಮಾನ್ಯವಾಗಿ ಇಂಥ ದೂರುಗಳು ಶಾಲೆಯ ಸಂಚಾಲಕರಾದ ಇಬ್ರಾಹಿಂ ಹಾಜಿಯವರ ಅಂಗಡಿಗೆ ಹೋಗಿ ಅಲ್ಲಿಯೇ ಕರಗುತ್ತಿದ್ದವು. ಹಾಜಿಯವರು ಪೂರ್ತಿ ಕೇಳುತ್ತಿದ್ದರು, ಒಂದು ಶರಬತ್ತು ಕುಡಿಸುತ್ತಿದ್ದರು, "ಆಯ್ತು, ನಾನು ನೋಡ್ತೇನೆ" ಎಂದು ಏನೂ ನೋಡದೆ ಬಿಡುತ್ತಿದ್ದರು. ಆದರೆ ಆ ವಾರ ಹಾಜಿಯವರು ಮಗಳ ಮನೆಗೆ ಹೋಗಿದ್ದರು. ಹೆಡ್‌ಮಾಷ್ಟ್ರು ಎಸ್‌ಟಿಡಿ ಬೂತಿನಿಂದ ನೇರ ದುಬೈಗೆ ಫೋನು ಮಾಡಿದರು. ಇಲ್ಲಿಂದ "ಮಕ್ಕಳನ್ನು ತಾರಸಿಗೆ ಹತ್ತಿಸಿ ಓಲಾಡಿಸಿದ್ದಾರೆ" ಎಂದು ಹೊರಟ ಮಾತು, ಅಲ್ಲಿಂದ ವಾಪಸು ಬರುವಾಗ, "ನನ್ನ ತಾಯಿಯ ಕಟ್ಟಡವನ್ನು ಅಲುಗಾಡಿಸಿ ಪರೀಕ್ಷಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಖಾಯಂ ಮಾಡುವುದನ್ನು ನಿಲ್ಲಿಸಿ" ಎಂಬ ಕಾಗದವಾಗಿತ್ತು.

ಕೆಲಸ ಹೋದರೆ ಹುಡುಗಿಯೂ ಹೋದಂತೆ. ರೋಷದಿಂದ ನಾಲ್ಕು ಪುಟಗಳ ವಿವರಣೆ ಬರೆದೆ. ವಾಯುಮಂಡಲದ ಪದರಗಳು, ಅಲೆಗಳು ಒಡೆಯುವ ಎತ್ತರ, ನಮ್ಮ ನಾಡಿನ ವಿಜ್ಞಾನದ ಭವಿಷ್ಯ, ಎಲ್ಲವೂ ಅದರಲ್ಲಿತ್ತು. ಹಪ್ಪಳದ ವಿಷಯಕ್ಕೆ ಬಂದಾಗ "ವಿದ್ಯಾರ್ಥಿನಿಯೊಬ್ಬಳ ಅಜಾಗರೂಕತೆಯಿಂದ ಖಾಸಗಿ ಆಹಾರವಸ್ತುವೊಂದಕ್ಕೆ ಹಾನಿ" ಎಂದು ಗಂಭೀರವಾಗಿ ಸೇರಿಸಿದೆ. ಹಿಂದಿರುಗಿದ್ದ ಹಾಜಿಯವರ ಕೈಗೆ ಅದನ್ನು ಕೊಟ್ಟು, ದುಬೈಗೆ ಕಳಿಸಿ ಎಂದೆ.

ಹಾಜಿಯವರು ಕನ್ನಡಕ ಹಾಕಿ ನಾಲ್ಕೂ ಪುಟ ಓದಿದರು. ಆಮೇಲೆ ಕೇಳಿದರು, "ಮಾಷ್ಟ್ರೇ, ಹೆಡ್‌ಮಾಷ್ಟ್ರು ಫೋನಲ್ಲಿ ಹೇಳಿದ್ದು ಎರಡು ಮಾತು. ನೀವು ಬರೆದದ್ದು ನಾಲ್ಕು ಪುಟ. ಇದನ್ನು ಮೇಲೆ ಕಳಿಸಿದರೆ ಕಮ್ಮಿ ಆಗ್ತದಾ, ಜೋರಾಗ್ತದಾ?"

ಪಾಠ ಮಾಡಿದವನು ನಾನು, ಕಲಿತವರು ಅವರು.

"ದುಬೈಯನ್ನು ನಾನು ನೋಡ್ತೇನೆ. ನೀವು ಶಾರದಕ್ಕನ ಹತ್ರ ಹೋದ್ರಾ?"

"ಇಲ್ಲ."

"ಎಂತ ಮಾರಾಯ್ರೇ, ಎರಡು ದಿವಸ ಅಕ್ಕಿ ಕಡೆದವರು ಅವರಲ್ವಾ? ಮೊದಲು ಅಲ್ಲಿ ಹೋಗಿ."

ಸಂಜೆ ಹೋದೆ. ಒಳ್ಳೆಯ ಮನಸ್ಸಿನಿಂದಲೇ ಹೋದದ್ದು, ಆದರೂ ಬಾಯಿ ಹಳೆಯ ದಾರಿಯನ್ನೇ ಹಿಡಿಯಿತು. "ಶಾರದಕ್ಕ, ತಪ್ಪಾಯ್ತು. ಮಕ್ಕಳಲ್ವಾ, ಆ ಝೀನತ್ತಿಗೆ ಹಪ್ಪಳ ಕಾಣಲಿಲ್ಲ" ಎಂದೆ.

ಶಾರದಕ್ಕ ಒಳಗೆ ಹೋಗಿ ಒಂದು ಮೊರ ತಂದಿಟ್ಟರು. "ಹುಡುಗಿ ಕೂತದ್ದು ಚಾಪೆಯ ಕರೆಯಲ್ಲಿ, ಒಂದು ಅಂಚಿನಲ್ಲಿ. ಅಲ್ಲಿ ಹೋದದ್ದು ಬರೀ ಮೂರು ಹಪ್ಪಳ. ಅವಳು ಮರುದಿವಸವೇ ಅಮ್ಮನನ್ನು ಕರ್ಕೊಂಡು ಬಂದು ಹೇಳಿ ಹೋಗಿದ್ದಾಳೆ. ಉಳಿದದ್ದು ಇದು, ನೋಡಿ ಮಾಷ್ಟ್ರೇ."

ನೋಡಿದೆ. ಮೊರದ ತುಂಬ ಒಣಗಿ ಗಟ್ಟಿಯಾದ ಹಪ್ಪಳಗಳು. ಒಂದೊಂದರ ಮೇಲೂ ಒಂಬತ್ತನೇ ನಂಬರಿನ ಚಪ್ಪಲಿಯ ಅಟ್ಟೆಯ ಗೆರೆಗಳು ಅಚ್ಚು ಹಾಕಿದಂತೆ ಮೂಡಿದ್ದವು. ಮಕ್ಕಳೆಲ್ಲ ಬರಿಗಾಲಿನಲ್ಲಿದ್ದರು.