ಬಡ್ಡಿ ದುಡ್ಡಿನ ಗ್ರೈಂಡರ್

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹಾಗಂತ ವ್ಯವಹಾರದಲ್ಲಿ ಯಾರಿಗೂ ಕಡಿಮೆಯಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಹಗಲು ಹೋಟೆಲೊಂದರಲ್ಲಿ ಅಡುಗೆ ಕೆಲಸ. ಮಿಕ್ಕ ಹೊತ್ತಿನಲ್ಲಿ ನಾನೂ ನನ್ನ ಹೆಂಡತಿ ಸುಮಿತ್ರಾಳೂ ಅಮೆರಿಕದ ಶೋರ್‌ಲೈನ್ ಎಂಬ ಊರಿನ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಿದ್ದೆವು. ಗ್ರೈಂಡರ್ ಪುಟ್ಟದು. ನಲವತ್ತು ಮನೆಗಳ ಹಿಟ್ಟಿಗೆ ಅದನ್ನು ತುಂಬಿ, ಬಳಿದು, ಮತ್ತೆ ತುಂಬಿ ಸುಮಿತ್ರಾಳ ಭುಜ ಸೋತುಹೋಗಿತ್ತು.

"ಮುಂದಿನ ವರ್ಷ ದೊಡ್ಡ ಗ್ರೈಂಡರ್ ತರ್ತೀನಿ, ಬರೀ ಬಡ್ಡಿ ದುಡ್ಡಲ್ಲಿ" ಎಂದೆ.

ನಲವತ್ತೂ ಮನೆಯವರಿಂದ ವರ್ಷದ ಹಣ ಮುಂಗಡ ಪಡೆದೆ. ಪ್ರತಿಯಾಗಿ ವರ್ಷವಿಡೀ ಬೆಲೆ ಏರಿಸುವುದಿಲ್ಲವೆಂದು ಮಾತು ಕೊಟ್ಟೆ. ಹಣವೆಲ್ಲ ಬ್ಯಾಂಕಿನ ಠೇವಣಿಗೆ ಹೋಯಿತು. ಮಂಡ್ಯದಲ್ಲಿ ನಮ್ಮ ಮಾವನ ಠೇವಣಿಗೆ ಒಂಬತ್ತು ಪರ್ಸೆಂಟ್ ಬರುತ್ತಿತ್ತು. ಅಮೆರಿಕ ಅದಕ್ಕಿಂತ ಶ್ರೀಮಂತ ದೇಶವಲ್ಲವೇ! ಬಡ್ಡಿ ಎಷ್ಟೆಂದು ಕೇಳಿದರೆ ಬ್ಯಾಂಕಿನ ಹುಡುಗಿ ನನ್ನನ್ನು ಓದದವನೆಂದುಕೊಂಡಾಳು ಎಂದು, ಗಂಭೀರವಾಗಿ ತಲೆಯಾಡಿಸಿ ಸಹಿ ಹಾಕಿದೆ.

ಆ ವರ್ಷವೇ ಉದ್ದಿನಬೇಳೆ ಗಗನಕ್ಕೇರಿತು. ಮನೆ ಬಾಡಿಗೆಯೂ ಏರಿತು. ಸಂಬಳ ಮಾತ್ರ ಕೂತಲ್ಲೇ ಕೂತಿತ್ತು. ಠೇವಣಿ ಮುರಿದರೆ ದಂಡ. ಹಾಗಾಗಿ ಸುಮಿತ್ರಾಳಿಗೆ ಹೇಳದೆ ಅದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಬೇಳೆ ಕೊಳ್ಳತೊಡಗಿದೆ. ಅದೂ ಸಾಲದೆ ಉದ್ದು ಕಡಿಮೆ ಮಾಡಿ ಅಕ್ಕಿ ಹೆಚ್ಚಿಸಿದೆ.

ಹತ್ತಿರದ ಎವರೆಟ್ ಊರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ನಮ್ಮ ಗಿರಾಕಿ ಶ್ರೀಧರ ಫೋನ್ ಮಾಡಿದರು.

"ಅಣ್ಣ, ಇಡ್ಲಿ ಪ್ಲೇಟಿಗೆ ಬಿದ್ರೆ ಸೌಂಡ್ ಬರ್ತಿದೆ. ರೇಟ್ ಜಾಸ್ತಿ ಮಾಡಿ, ಯಾರೂ ಏನೂ ಅನ್ಕೊಳಲ್ಲ."

"ಮಾತು ಅಂದ್ರೆ ಮಾತು ಸಾರ್" ಎಂದೆ. ಎದೆ ಉಬ್ಬಿತು. ಉದ್ದು ಮತ್ತೆ ಮೊದಲಿನಷ್ಟೇ ಹಾಕಿದೆ. ಕಾರ್ಡಿನ ಸಾಲವೂ ಉಬ್ಬಿತು.

ವರ್ಷ ತುಂಬಿದ ದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬ್ಯಾಂಕಿಗೆ ಹೋದೆ. ಅವರು ನನಗೆ ಕೊಟ್ಟ ಬಡ್ಡಿ ಒಟ್ಟು ಹನ್ನೊಂದು ಡಾಲರ್. ಕಾರ್ಡಿನ ಸಾಲಕ್ಕೆ ನನಗೆ ಹಾಕಿದ ಬಡ್ಡಿ ಇಪ್ಪತ್ತು ಪರ್ಸೆಂಟ್! ನನ್ನದೇ ಹಣವನ್ನು ಅವರಿಗೆ ಪುಕ್ಕಟೆ ಕೊಟ್ಟು, ಅದನ್ನೇ ಸಾಲವಾಗಿ ಪಡೆದ ಮಹಾನುಭಾವ ನಾನು. ಠೇವಣಿಯೆಲ್ಲ ಕಾರ್ಡಿಗೇ ಸರಿಹೋಯಿತು.

ಹೆಂಡತಿಗೆ ಏನು ಹೇಳಲಿ ಎಂದು ಅರ್ಧ ಗಂಟೆ ಕಾರಿನಲ್ಲೇ ಕೂತಿದ್ದೆ. ಮನೆಗೆ ಬಂದರೆ ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್ ತಿರುಗುತ್ತಿದೆ!

ಶ್ರೀಧರನ ಫೋನ್ ಮಾತು ಒಳಗಿನಿಂದ ಕೇಳಿಸಿಕೊಂಡಿದ್ದ ಸುಮಿತ್ರಾ ಮರುದಿನವೇ ಎಲ್ಲ ಮನೆಗಳಿಗೂ ಕರೆ ಮಾಡಿ, ಡಬ್ಬಿಗೆ ಒಂದು ಡಾಲರ್ ಹೆಚ್ಚು ಕೊಡಿ ಎಂದಿದ್ದಳು. ಒಬ್ಬರೂ ಗೊಣಗಲಿಲ್ಲವಂತೆ. ಗ್ರೈಂಡರ್ ಆ ದುಡ್ಡಿನದೇ.

"ಮತ್ತೆ, ಕೊಟ್ಟ ಮಾತು?"

"ಅದು ನೀವು ಕೊಟ್ಟಿದ್ದು ರೀ. ನಾನು ಯಾರಿಗೂ ಕೊಟ್ಟಿರ್ಲಿಲ್ಲ."

ಈಗ ಬೆಲೆ ನಿಗದಿ ಮಾಡುವುದು ಅವಳು, ಅಕ್ಕಿ ಚೀಲ ಹೊರುವುದು ನಾನು. ನನ್ನ ಕೂಲಿ ಎರಡು ಊಟ, ಒಂದು ಲೋಟ ಕಾಫಿ. ಜಗತ್ತಿನಲ್ಲಿ ಎಲ್ಲದರ ಬೆಲೆ ಏರಿದರೂ ಅದು ಏರಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಲು ಹೋದೆ. ಅವಳು ತಿರುಗಿ ನೋಡಿದಳು.

ಕಾಫಿ ಬಹಳ ಚೆನ್ನಾಗಿದೆ ಎಂದು ಹೇಳಿ ಬಂದೆ.